ಎಳೆಯ ಮಕ್ಕಳ ಕಾಲಿನ ಡೊಂಕು

ಹುಟ್ಟಿನಿಂದ ಏಳೆಂಟು ವರ್ಷದವರೆಗೆ ಮಕ್ಕಳ ಕಾಲು, ಮಂಡಿ, ಪಾದಗಳಲ್ಲಿ ಕಾಣುವ ಬಾಗು, ತಿರುಚು, ಚಪ್ಪಟೆತನಗಳನ್ನೆಲ್ಲ ಈ ಹೆಸರಿನಡಿ ತರಬಹುದು. ಬಿಲ್ಲಿನಂತೆ ಹೊರಕ್ಕೆ ಬಾಗಿದ ಕಾಲು, ಮಂಡಿಗೆ ಮಂಡಿ ತಾಗುವ ಕಾಲು, ಒಳಕ್ಕೆ ತಿರುಗಿದ ಹೆಜ್ಜೆ, ಕಮಾನಿಲ್ಲದ ಅಂಗಾಲು, ಹುಟ್ಟುವಾಗಲೇ ಮಡಚಿಕೊಂಡ ಪಾದ, ಕೀಲು ತಪ್ಪಿದ ಸೊಂಟ ಇವು ಮುಖ್ಯ ಬಗೆಗಳು. ಇವುಗಳಲ್ಲಿ ಬಹುಪಾಲು ಬೆಳವಣಿಗೆಯ ಹಂತಗಳು, ಚಿಕಿತ್ಸೆ ಬೇಡದವು. ಕೆಲವು ಮಾತ್ರ ರೋಗ. ದಿನ ಕಳೆದಷ್ಟೂ ಅವನ್ನು ಸರಿಪಡಿಸುವುದು ಕಷ್ಟ. ಮನೆಗಳಲ್ಲಿ ನಡೆಯುವುದು ಹೆಚ್ಚಾಗಿ ಇದರ ತಿರುಗುಮುರುಗು. ತಾನಾಗಿ ನೆಟ್ಟಗಾಗುವ ಕಾಲಿಗೆ ಬೂಟು, ಪಟ್ಟಿ, ಎಣ್ಣೆ, ಹರಕೆ ಎಲ್ಲವೂ ಆಗುತ್ತದೆ. ಹುಟ್ಟಿದ ವಾರದಲ್ಲೇ ಆಸ್ಪತ್ರೆ ಮುಟ್ಟಬೇಕಾದ ಪಾದವನ್ನು ‘ಸ್ವಲ್ಪ ದೊಡ್ಡದಾಗಲಿ, ನೋಡೋಣ’ ಎಂದು ಬಿಡಲಾಗುತ್ತದೆ.

ಪ್ಯಾರಿಸ್ಸಿನ ವೈದ್ಯ ನಿಕೊಲಾ ಆಂಡ್ರಿ 1741ರಲ್ಲಿ ಮಕ್ಕಳ ಅಂಗವಕ್ರತೆಯನ್ನು ತಡೆಯುವ, ತಿದ್ದುವ ಕ್ರಮಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಅದನ್ನು ಬರೆದದ್ದು ಮುಖ್ಯವಾಗಿ ತಂದೆತಾಯಿಯರಿಗಾಗಿ. ಡೊಂಕು ಗಿಡವೊಂದನ್ನು ಗೂಟಕ್ಕೆ ಹಗ್ಗದಿಂದ ಬಿಗಿದಿರುವ ಅದರ ಚಿತ್ರ ಇಂದಿಗೂ ಜಗತ್ತಿನ ಅನೇಕ ಮೂಳೆ ವೈದ್ಯರ ಸಂಘಗಳ ಲಾಂಛನ. ಚಿತ್ರವೇನೋ ಸೊಗಸಾಗಿದೆ. ಆದರೆ ಕಟ್ಟಿದರೆ ನೆಟ್ಟಗಾಗುತ್ತದೆ ಎಂಬ ಆ ನಂಬಿಕೆಯ ಹೆಸರಿನಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಏನೂ ಆಗದ ಮಕ್ಕಳು ಕಬ್ಬಿಣ, ಚರ್ಮದ ಸಲಕರಣೆಗಳನ್ನು ಹೊತ್ತು ನಡೆದರು.

ಬಾಗು ಮತ್ತು ಅದರ ಕ್ರಮ

ಗರ್ಭದಲ್ಲಿ ಮಗು ಕಾಲು ಮಡಚಿ, ಪಾದಗಳನ್ನು ಒಳಕ್ಕೆ ಸೇರಿಸಿಕೊಂಡು ತಿಂಗಳುಗಟ್ಟಲೆ ಇರುತ್ತದೆ. ಹುಟ್ಟಿದ ಕೂಸಿನ ಮಂಡಿಯಲ್ಲಿ 10ರಿಂದ 15 ಡಿಗ್ರಿಯಷ್ಟು ಹೊರಬಾಗು ಇರುವುದು ಸಹಜ. ಫಿನ್ಲೆಂಡಿನ ಸಲೇನಿಯಸ್ ಮತ್ತು ವಾಂಕ್ಕಾ ಸಾವಿರಕ್ಕೂ ಹೆಚ್ಚು ಮಕ್ಕಳ ಅಳತೆಗಳಿಂದ 1975ರಲ್ಲಿ ತೋರಿಸಿದ ಕ್ರಮ ಈಗ ಮೂಳೆ ವೈದ್ಯಶಾಸ್ತ್ರದ ಪಠ್ಯಗಳಲ್ಲೆಲ್ಲ ಇದೆ. ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ ಕಾಲು ನೆಟ್ಟಗಾಗುತ್ತದೆ. ಅಲ್ಲಿಗೆ ನಿಲ್ಲದೆ ವಿರುದ್ಧ ದಿಕ್ಕಿಗೆ ಸಾಗಿ, ಮೂರರಿಂದ ನಾಲ್ಕರ ಆಸುಪಾಸಿನಲ್ಲಿ ಮಂಡಿಗಳು ಒಂದಕ್ಕೊಂದು ತಾಗಿ ಕಣಕಾಲುಗಳು ದೂರ ಸರಿಯುತ್ತವೆ. ಆಮೇಲೆ ಈ ಒಳಬಾಗು ನಿಧಾನವಾಗಿ ಇಳಿದು, ಏಳು ವರ್ಷದ ಹೊತ್ತಿಗೆ ದೊಡ್ಡವರಲ್ಲಿ ಇರುವಷ್ಟು, ಅಂದರೆ 5ರಿಂದ 7 ಡಿಗ್ರಿ ಮಾತ್ರ ಉಳಿಯುತ್ತದೆ. ಹೀಗಾಗಿ ಒಂದು ವರ್ಷದಲ್ಲಿ ‘ಕಾಲು ಹೊರಗೆ ಬಾಗಿದೆ’ ಎಂದು ಅಜ್ಜಿ ತೋರಿಸಿದ ಮಗುವನ್ನೇ ಮೂರೂವರೆ ವರ್ಷಕ್ಕೆ ‘ಮಂಡಿ ತಾಗುತ್ತಿವೆ’ ಎಂದು ಶಾಲೆಯ ಟೀಚರು ತೋರಿಸುವುದುಂಟು. ಇಬ್ಬರ ಕಣ್ಣೂ ಸರಿಯೇ, ಮಗುವೂ ಸರಿಯೇ.

ಕನ್ನಡ ಮನೆಗಳಲ್ಲಿ ಈ ಬಾಗಿಗೆ ಕೊಡುವ ಕಾರಣಗಳು ಹಲವು. ಸೊಂಟದ ಮೇಲೆ ಎತ್ತಿಕೊಂಡದ್ದರಿಂದ, ದಪ್ಪ ಲಂಗೋಟಿ ಅಥವಾ ಡೈಪರ್ ಕಟ್ಟಿದ್ದರಿಂದ, ಬೇಗ ನಿಲ್ಲಿಸಿದ್ದರಿಂದ, ಎರೆಯುವಾಗ ಸರಿಯಾಗಿ ಕಾಲು ನೀವದಿದ್ದರಿಂದ ಎನ್ನುತ್ತಾರೆ. ಇವು ಯಾವುವೂ ಮೂಳೆಯನ್ನು ಬಾಗಿಸುವುದಿಲ್ಲ. ಎಣ್ಣೆ ಹಚ್ಚಿ, ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಎರೆಯುವ ಪದ್ಧತಿ ಮಗುವಿಗೂ ಎರೆಯುವವರಿಗೂ ಹಿತವಾದದ್ದೇ. ಕಾಲನ್ನು ಎಳೆದು, ತಿರುಚಿ, ಎರಡೂ ಮಂಡಿ ಸೇರಿಸಿ ಒತ್ತುವುದು ಮಾತ್ರ ಬೇಡ. ಅದರಿಂದ ಬಾಗು ಹೋಗುವುದಿಲ್ಲ, ಸೊಂಟದ ಕೀಲಿಗೆ ಪೆಟ್ಟಾಗಬಹುದು. ಗಾಲಿ ಇರುವ ವಾಕರ್ ಬೇಗ ನಡೆಸುತ್ತದೆ ಎಂಬುದೂ ತಪ್ಪು ಎಣಿಕೆ. ಬಿದ್ದು ಪೆಟ್ಟಾಗುವ ಪ್ರಕರಣಗಳು ಹೆಚ್ಚಿದ್ದರಿಂದ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಮನೆಯಲ್ಲೇ ಅಳೆಯಬಹುದು. ಮಗುವನ್ನು ಟೈಲ್ಸಿನ ಗೆರೆಯೊಂದರ ಮೇಲೆ, ಮಂಡಿಚಿಪ್ಪು ನೇರ ಮುಂದಕ್ಕೆ ಇರುವಂತೆ ನಿಲ್ಲಿಸಿ, ಕಣಕಾಲು ಸೇರಿಸಿದಾಗ ಮಂಡಿಗಳ ನಡುವೆ ಎಷ್ಟು ಬೆರಳು ಹಿಡಿಯುತ್ತದೆ, ಮಂಡಿ ಸೇರಿಸಿದಾಗ ಕಣಕಾಲುಗಳ ನಡುವೆ ಎಷ್ಟು ಎಂದು ಬರೆದಿಟ್ಟು, ಅದೇ ಜಾಗದಿಂದ ಒಂದು ಫೋಟೊ ತೆಗೆಯಬೇಕು. ಆರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ವೈದ್ಯರಿಗೂ ಅರ್ಧ ಕೆಲಸ ಆದಂತೆ. ಎರಡು ವರ್ಷ ದಾಟಿದ ಮೇಲೂ ಹೊರಬಾಗು ಹೆಚ್ಚುತ್ತಿದ್ದರೆ, ಒಂದೇ ಕಾಲು ಬಾಗಿದ್ದರೆ, ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ, ಕುಂಟಿದರೆ ಅಥವಾ ಏಳು ವರ್ಷದ ನಂತರವೂ ಕಣಕಾಲುಗಳ ಅಂತರ 8 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಎಕ್ಸ್‌ರೇ ಬೇಕಾಗುತ್ತದೆ. ಬೇಗ ನಡೆಯಲು ತೊಡಗಿದ, ಮೈತೂಕ ಹೆಚ್ಚಿರುವ ಮಕ್ಕಳಲ್ಲಿ ಮಂಡಿಯ ಕೆಳಗಿನ ಮೂಳೆಯ ಒಳಮಗ್ಗುಲು ಬೆಳೆಯದೆ ಬಾಗು ಏರುತ್ತಲೇ ಹೋಗುವ ಬ್ಲೌಂಟ್ ರೋಗವೂ ಉಂಟು. ಅಮೆರಿಕದ ವಾಲ್ಟರ್ ಬ್ಲೌಂಟ್ 1937ರಲ್ಲಿ ವಿವರಿಸಿದ್ದು ಇದನ್ನೇ.

ಒಳಕ್ಕೆ ತಿರುಗಿದ ಹೆಜ್ಜೆ

ನಡೆಯುವಾಗ ಪಾದದ ತುದಿ ಒಳಕ್ಕೆ ತಿರುಗುವುದಕ್ಕೆ ವಯಸ್ಸಿಗೊಂದು ಕಾರಣ. ಹಸುಗೂಸಿನಲ್ಲಿ ಪಾದದ ಮುಂಭಾಗವೇ ಹುರುಳಿಕಾಯಿಯಂತೆ ಒಳಬಾಗಿರುತ್ತದೆ. ಒಂದೆರಡು ವರ್ಷದಲ್ಲಿ ಮಂಡಿಯ ಕೆಳಗಿನ ಮೂಳೆಯ ತಿರುಚು, ಮೂರರಿಂದ ಎಂಟು ವರ್ಷದಲ್ಲಿ ತೊಡೆಮೂಳೆಯ ತಿರುಚು ಕಾರಣ. ತೊಡೆಮೂಳೆಯ ಕತ್ತು ಹುಟ್ಟಿದಾಗ ಸುಮಾರು 40 ಡಿಗ್ರಿ ಮುಂದಕ್ಕೆ ತಿರುಗಿರುತ್ತದೆ. ದೊಡ್ಡವರಾಗುವ ಹೊತ್ತಿಗೆ 15ರ ಹತ್ತಿರ ಬರುತ್ತದೆ. ಇಂಥ ಮಕ್ಕಳು ಎರಡೂ ಕಾಲನ್ನು ಹಿಂದಕ್ಕೆ, ಹೊರಕ್ಕೆ ಮಡಚಿ ನಡುವೆ ಕೂರುತ್ತವೆ. ‘ಚಕ್ಕಳಮಕ್ಕಳ ಹಾಕಿಕೊಂಡು ಕೂರು’ ಎಂದು ದಿನಕ್ಕೆ ಹತ್ತು ಸಲ ಗದರುವ ಮನೆಗಳಿವೆ. ಆ ಮಗುವಿಗೆ ಸೊಂಟ ಹೊರಕ್ಕೆ ತಿರುಗುವುದೇ ಕಡಿಮೆಯಾದ್ದರಿಂದ ಚಕ್ಕಳಮಕ್ಕಳ ನೋವಾಗುತ್ತದೆ. ಹಾಗೆ ಕೂರುವುದು ತಿರುಚಿನ ಫಲವೇ ಹೊರತು ಕಾರಣವಲ್ಲ. ಎಡಬಲದ ಬೂಟು ಅದಲುಬದಲು ಹಾಕುವುದು, ಸೊಂಟದಿಂದ ಪಾದಕ್ಕೆ ತಿರುಪು ತಂತಿ ಕಟ್ಟುವುದು ಇತ್ಯಾದಿ ಹಳೆಯ ಉಪಾಯಗಳು ಮೂಳೆಯ ತಿರುಚನ್ನು ಬದಲಿಸುತ್ತವೆಂದು ತೋರಿಬಂದಿಲ್ಲ. ಬಹುತೇಕ ಮಕ್ಕಳಲ್ಲಿ ಇದು ಹತ್ತು ವರ್ಷದೊಳಗೆ ಸರಿಹೋಗುತ್ತದೆ. ಉಳಿದವರಲ್ಲೂ ಓಟ, ಆಟಕ್ಕೆ ಅಡ್ಡಿಯಾಗುವುದು ಅಪರೂಪ.

ತುದಿಗಾಲಿನ ನಡಿಗೆ ಬೇರೆ ವಿಷಯ. ನಡೆಯಲು ಕಲಿಯುವಾಗ ಕೆಲವು ತಿಂಗಳು ಮಗು ತುದಿಗಾಲಲ್ಲಿ ಓಡಾಡಿದರೆ ಚಿಂತೆಯಿಲ್ಲ. ಮೂರು ವರ್ಷದ ಮೇಲೂ ಹಾಗೇ ನಡೆದರೆ, ಒಂದು ಮಗ್ಗುಲ ಕೈಕಾಲು ಬಿಗಿಯಾಗಿದ್ದರೆ, ಚೆನ್ನಾಗಿ ನಡೆಯುತ್ತಿದ್ದ ಮಗು ಬೀಳತೊಡಗಿದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಅದರಲ್ಲೂ ನಾಲ್ಕೈದು ವರ್ಷದ ಗಂಡುಮಗು ಮೀನಖಂಡ ದಪ್ಪವಾಗಿ, ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ಕೈಯೂರಿ ಹತ್ತುತ್ತಾ ಏಳುತ್ತಿದ್ದರೆ ಸ್ನಾಯುಕ್ಷಯದ ಶಂಕೆ. ಅಂಥಲ್ಲಿ ಕಾಲಿನ ಆಕಾರದ ಚರ್ಚೆಯಲ್ಲಿ ಸಮಯ ಕಳೆಯಬಾರದು.

ಚಪ್ಪಟೆ ಪಾದ

ಬಚ್ಚಲಿನಿಂದ ಬಂದ ಮಗುವಿನ ಒದ್ದೆ ಹೆಜ್ಜೆ ನೆಲದ ಮೇಲೆ ಇಡಿಯಾಗಿ ಮೂಡಿದರೆ ಪಾದ ಚಪ್ಪಟೆ ಎನ್ನುತ್ತಾರೆ. ಎರಡು ವರ್ಷದೊಳಗಿನ ಮಕ್ಕಳದೆಲ್ಲ ಹೀಗೆಯೇ. ಅಂಗಾಲಿನ ಕೊಬ್ಬಿನ ದಿಂಬು ಕಮಾನನ್ನು ಮುಚ್ಚಿರುತ್ತದೆ, ಕೀಲುಗಳೂ ಸಡಿಲ. ಕಮಾನು ಏಳೆಂಟು ವರ್ಷದವರೆಗೂ ಮೂಡುತ್ತಾ ಬರುತ್ತದೆ. ಪರೀಕ್ಷೆ ಸುಲಭ: ಮಗುವನ್ನು ಮೇಲಿನ ತಟ್ಟೆಯ ಬಿಸ್ಕತ್ತು ಎಟುಕಿಸಿಕೊಳ್ಳಲು ಬಿಡಿ. ತುದಿಗಾಲಲ್ಲಿ ನಿಂತಾಗ ಕಮಾನು ಎದ್ದರೆ ಪಾದ ಮೆದು, ಆರೋಗ್ಯವಂತ. ಆಗಲೂ ಹಲಗೆಯಂತೆ ಬಿಗಿಯಾಗಿದ್ದರೆ, ನೋವಿದ್ದರೆ ಮಾತ್ರ ಮೂಳೆಗಳು ಕೂಡಿಕೊಂಡಿವೆಯೇ ಎಂದು ನೋಡಬೇಕು.

ಅಮೆರಿಕದ ವೆಂಗರ್ ಮತ್ತು ಸಂಗಡಿಗರು ಮೆದು ಚಪ್ಪಟೆ ಪಾದದ ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ತಿದ್ದುಬೂಟು ಮತ್ತು ಒಳಸೋಲು ಕೊಟ್ಟು, ಕೆಲವರಿಗೆ ಏನನ್ನೂ ಕೊಡದೆ ಮೂರು ವರ್ಷ ಗಮನಿಸಿದರು. 1989ರಲ್ಲಿ ಪ್ರಕಟವಾದ ಫಲಿತಾಂಶ: ಎಲ್ಲರ ಪಾದವೂ ಸುಧಾರಿಸಿತ್ತು, ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಇದಕ್ಕಿಂತ ನಮಗೆ ಹತ್ತಿರದ್ದು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಅಧ್ಯಯನ. ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲಲ್ಲಿ ಓಡಾಡುವವರಲ್ಲಿ ಶೇ. 2.8. ಹಾಕುವವರಲ್ಲೂ ಬೆರಳು ಮುಚ್ಚುವ ಬೂಟಿನವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. 1995ರಲ್ಲಿ ಅದೇ ಸಂಸ್ಥೆಯಿಂದ ಬಂದ ಇನ್ನೊಂದು ಸಮೀಕ್ಷೆ 1,846 ದೊಡ್ಡವರ ಪಾದ ನೋಡಿ, ಆರು ವರ್ಷಕ್ಕೆ ಮೊದಲೇ ಬೂಟು ಹಾಕಲು ತೊಡಗಿದವರಲ್ಲಿ ಚಪ್ಪಟೆ ಪಾದ ಹೆಚ್ಚೆಂದು ಕಂಡುಕೊಂಡಿತು. ಜಗತ್ತಿನ ಪಠ್ಯಪುಸ್ತಕಗಳು ಉಲ್ಲೇಖಿಸುವ ಈ ಅಧ್ಯಯನ ನಡೆದ ನಾಡಿನಲ್ಲೇ ಎಲ್‌ಕೆಜಿ ಮಕ್ಕಳಿಗೆ ಸುಡುಬೇಸಗೆಯಲ್ಲೂ ಕಪ್ಪು ಬೂಟು, ಕಾಲುಚೀಲ ಕಡ್ಡಾಯ ಮಾಡುವ ಶಾಲೆಗಳಿರುವುದು ವಿಚಿತ್ರ. ಮುಳ್ಳು, ಗಾಜು, ಕೊಕ್ಕೆಹುಳದ ಭಯ ಇರುವ ಕಡೆ ಚಪ್ಪಲಿ ಬೇಕು. ಮನೆಯೊಳಗೆ, ಅಂಗಳದಲ್ಲಿ, ಮರಳಿನಲ್ಲಿ ಬರಿಗಾಲೇ ಒಳ್ಳೆಯದು. ಸೇನಾ ಭರ್ತಿಯಲ್ಲಿ ಚಪ್ಪಟೆ ಪಾದ, ತಾಗುವ ಮಂಡಿಗಳನ್ನು ನೋಡಿ ತಿರಸ್ಕರಿಸುತ್ತಾರೆಂಬ ಕಾರಣಕ್ಕೆ ನಾಲ್ಕು ವರ್ಷದ ಮಗುವಿಗೆ ದುಬಾರಿ ಒಳಸೋಲು ಮಾಡಿಸುವವರಿದ್ದಾರೆ. ಆ ಹಣ ಹಾಲು ಮೊಟ್ಟೆಗೆ ಹೋದರೆ ಕಾಲಿಗೆ ಹೆಚ್ಚು ಉಪಕಾರ.

ರಿಕೆಟ್ಸ್ ಮತ್ತು ಫ್ಲೋರೈಡ್

ಬಾಗಿದ ಕಾಲಿನ ಹಿಂದೆ ನಿಜವಾದ ರೋಗ ಇದ್ದರೆ ನಮ್ಮಲ್ಲಿ ಮೊದಲು ಶಂಕಿಸಬೇಕಾದದ್ದು ರಿಕೆಟ್ಸ್. ಡಿ ಜೀವಸತ್ವ ಅಥವಾ ಕ್ಯಾಲ್ಸಿಯಂ ಸಾಲದೆ ಬೆಳೆಯುವ ಮೂಳೆಯ ತುದಿ ಗಟ್ಟಿಯಾಗದೆ ಭಾರಕ್ಕೆ ಬಾಗುತ್ತದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದನ್ನು ವಿವರಿಸಿದವರು ವಿಸ್ಲರ್ ಮತ್ತು ಗ್ಲಿಸನ್. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್‌ಕಿ ಅತಿನೇರಳೆ ದೀಪದ ಬೆಳಕಿನಿಂದಲೇ ಇದನ್ನು ಗುಣಪಡಿಸಿ ತೋರಿಸಿದ. ಬಿಸಿಲಿಗೆ ಬರವಿಲ್ಲದ ನಾಡಿನಲ್ಲಿ ಇದೇಕೆ ಎಂಬ ಪ್ರಶ್ನೆಗೆ ಉತ್ತರ ಮನೆಯೊಳಗಿದೆ. ಎದೆಹಾಲಿನಲ್ಲಿ ಡಿ ಜೀವಸತ್ವ ಸಹಜವಾಗಿಯೇ ಕಡಿಮೆ. ತಾಯಿಗೇ ಕೊರತೆಯಿದ್ದರೆ ಇನ್ನೂ ಕಡಿಮೆ. ಕಪ್ಪು ಚರ್ಮಕ್ಕೆ ಹೆಚ್ಚು ಬಿಸಿಲು ಬೇಕು, ಮಗುವೋ ಬಾಣಂತಿಕೋಣೆಯಿಂದ ಫ್ಲ್ಯಾಟಿಗೆ, ಫ್ಲ್ಯಾಟಿನಿಂದ ಕಾರಿಗೆ. ಅದಕ್ಕೇ ಮೊದಲ ವರ್ಷ ದಿನಕ್ಕೆ 400 ಯೂನಿಟ್ಟಿನ ಹನಿ ಕೊಡಬೇಕೆಂದು ಮಕ್ಕಳ ವೈದ್ಯರು ಹೇಳುವುದು. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೊಳಕೆ ಕಟ್ಟಿ ಮಾಡಿದ ರಾಗಿ ಸರಿ ಇನ್ನೂ ಮೇಲು. ಆದರೆ ರಾಗಿಯಲ್ಲಿ ಡಿ ಜೀವಸತ್ವ ಇಲ್ಲ. ಒಂದು ಇನ್ನೊಂದರ ಬದಲಿಗಾಗದು.

ಮಣಿಕಟ್ಟು ದಪ್ಪವಾಗುವುದು, ಪಕ್ಕೆಲುಬುಗಳ ತುದಿಯಲ್ಲಿ ಮಣಿಸರದಂಥ ಗಂಟು, ನೆತ್ತಿ ಬೇಗ ಮುಚ್ಚದಿರುವುದು, ತಡವಾದ ನಡಿಗೆ ಇದರ ಗುರುತು. ಮದ್ದು ಸಿಕ್ಕರೆ ಎಳೆಯ ಮಕ್ಕಳಲ್ಲಿ ಮೂಳೆ ಗಟ್ಟಿಯಾಗುವುದಷ್ಟೇ ಅಲ್ಲ, ಬಾಗೂ ಬಹುಮಟ್ಟಿಗೆ ತಾನಾಗಿ ಹೋಗುತ್ತದೆ. ಮದ್ದಿಗೆ ಬಗ್ಗದಿದ್ದರೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿಸಬಾರದು, ಅತಿಯಾದ ಡಿ ಜೀವಸತ್ವ ವಿಷ. ರಂಜಕ ಮೂತ್ರದಲ್ಲಿ ಸೋರಿಹೋಗುವ ಆನುವಂಶಿಕ ರಿಕೆಟ್ಸ್ ಇರಬಹುದು, ಅದಕ್ಕೆ ರಕ್ತಪರೀಕ್ಷೆಯೂ ಬೇರೆ, ಚಿಕಿತ್ಸೆಯೂ ಬೇರೆ.

ಇನ್ನೊಂದು ಕಾರಣ ಕೊಳವೆಬಾವಿಯಲ್ಲಿದೆ. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ ಶಾರ್ಟ್ ಮತ್ತು ಸಂಗಡಿಗರು ಫ್ಲೋರೈಡಿನ ನೀರು ಮೂಳೆ ಕೆಡಿಸುವುದನ್ನು ವರದಿ ಮಾಡಿದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಆಂಧ್ರದ ಫ್ಲೋರೈಡ್ ಪ್ರದೇಶದ ಹರೆಯದವರಲ್ಲಿ ಮಂಡಿ ಒಳಕ್ಕೆ ವಿಪರೀತ ಬಾಗುವುದನ್ನು ದಾಖಲಿಸಿದರು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳ ಪೋಷಕರಿಗೆ ಇದು ದೂರದ ಸುದ್ದಿಯಲ್ಲ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಕುದಿಸಿದರೆ ಇದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಎರಡನೆಯ ಹಲ್ಲು ಬರುವಾಗ ಕಂದು ಕಲೆ ಕಂಡರೆ ಮನೆಯ ನೀರಿನ ಪರೀಕ್ಷೆ ಮಾಡಿಸಬೇಕು.

ರೋಗ ಹತೋಟಿಗೆ ಬಂದ ಮೇಲೂ ಬಾಗು ಉಳಿದರೆ ಬೆಳವಣಿಗೆ ನಿಲ್ಲುವ ಮೊದಲು ಮಂಡಿಯ ಒಂದು ಮಗ್ಗುಲಿಗೆ ಎರಡು ಸ್ಕ್ರೂಗಳ ಪುಟ್ಟ ಪ್ಲೇಟ್ ಕೂರಿಸುತ್ತಾರೆ. ಆ ಮಗ್ಗುಲು ಬೆಳೆಯದೆ ಇನ್ನೊಂದು ಬೆಳೆದು ಕಾಲು ನೆಟ್ಟಗಾಗುತ್ತದೆ. ನೆಟ್ಟಗಾದೊಡನೆ ಪ್ಲೇಟ್ ತೆಗೆಯದಿದ್ದರೆ ಎದುರು ದಿಕ್ಕಿಗೆ ಬಾಗುತ್ತದೆ. ಆದ್ದರಿಂದ ಆಪರೇಷನ್ ಆಯಿತೆಂದು ತಪಾಸಣೆಗೆ ಹೋಗದೆ ಉಳಿಯುವಂತಿಲ್ಲ.

ಸೊಂಟದ ಕೀಲು

ತೊಡೆಮೂಳೆಯ ಗುಂಡು ತನ್ನ ಗುಣಿಯಲ್ಲಿ ಸರಿಯಾಗಿ ಕೂರದ ಈ ದೋಷ ಹೆಣ್ಣುಮಕ್ಕಳಲ್ಲಿ, ಗರ್ಭದಲ್ಲಿ ಕುಂಡಿ ಕೆಳಗಾಗಿದ್ದ ಮಕ್ಕಳಲ್ಲಿ ಹೆಚ್ಚು. ನೋವಿಲ್ಲದ್ದರಿಂದ ನಡೆಯುವವರೆಗೂ ಗೊತ್ತಾಗದೇ ಇರಬಹುದು. ಡೈಪರ್ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲವಾಗದಿದ್ದರೆ, ಮಂಡಿ ಮಡಚಿದಾಗ ಒಂದು ಮೋಟಾಗಿ ಕಂಡರೆ ತೋರಿಸಬೇಕು. ಮೊದಲ ತಿಂಗಳುಗಳಲ್ಲಿ ಪಟ್ಟಿಗಳ ಜಾಕೆಟ್ಟಿನಿಂದಲೇ ಸರಿಹೋಗುವುದಕ್ಕೆ ನಡೆಯುವ ವಯಸ್ಸಿನಲ್ಲಿ ದೊಡ್ಡ ಆಪರೇಷನ್ ಬೇಕಾಗುತ್ತದೆ. ಕಾಲು ನೇರಮಾಡಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವ ಪದ್ಧತಿ ಇರುವಲ್ಲಿ ಇದು ಜಾಸ್ತಿ. ಜಪಾನಿನಲ್ಲಿ 1970ರ ದಶಕದಲ್ಲಿ ಆ ಪದ್ಧತಿ ಬಿಡಿಸಿದ ಮೇಲೆ ಪ್ರಮಾಣ ಗಣನೀಯವಾಗಿ ಇಳಿಯಿತು. ಬಾಗಿದ ಕಾಲಿಗೆ ಕಾರಣವೆಂದು ಬೈಸಿಕೊಳ್ಳುವ ನಮ್ಮ ಸೊಂಟದ ಮೇಲಿನ ಸವಾರಿ, ಕಾಲಗಲಿಸಿ ಕೂರಿಸುವುದರಿಂದ ಈ ಕೀಲಿಗೆ ಅನುಕೂಲವೇ.

ಮಡಚಿದ ಪಾದ

ಜನ ಸೊಟ್ಟಪಾದ ಎಂದೂ ಆಸ್ಪತ್ರೆಯಲ್ಲಿ ಕ್ಲಬ್‌ಫೂಟ್ ಎಂದೂ ಕರೆಯುವ ಇದು ಸಾವಿರ ಹೆರಿಗೆಗೆ ಒಂದೆರಡು ಮಕ್ಕಳಲ್ಲಿ ಕಾಣುತ್ತದೆ. ಗಂಡುಮಕ್ಕಳಲ್ಲಿ ಎರಡು ಪಟ್ಟು. ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದ. ಅಂಗಾಲಿನ ಕಮಾನು ಆಳವಾಗಿ, ಮುಂಪಾದ ಒಳಕ್ಕೆ ತಿರುಗಿ, ಹಿಮ್ಮಡಿ ಒಳಕ್ಕೆ ವಾಲಿ, ಇಡೀ ಪಾದ ಕೆಳಕ್ಕೆ ಚಾಚಿರುತ್ತದೆ. ಕೈಯಿಂದ ಮೆಲ್ಲಗೆ ತಿರುಗಿಸಿದಾಗ ಸುಲಭವಾಗಿ ನೇರಕ್ಕೆ ಬರುವ ಪಾದ ಗರ್ಭದಲ್ಲಿನ ಇಕ್ಕಟ್ಟಿನಿಂದ ಆದದ್ದು. ಬಾರದೆ ಬಿಗಿಯಾಗಿದ್ದರೆ ಅದು ಕ್ಲಬ್‌ಫೂಟ್. ಗ್ರಹಣ ಕಾಲದಲ್ಲಿ ಬಸುರಿ ಹೊರಗೆ ಬಂದಳು, ಏನನ್ನೋ ಕತ್ತರಿಸಿದಳು ಎಂದು ತಾಯಿಯ ಮೇಲೆ ದೂರು ಹೊರಿಸುವುದು ಇನ್ನೂ ನಿಂತಿಲ್ಲ. ತಾಯಿ ಮಾಡಿದ ಅಥವಾ ಮಾಡದ ಯಾವುದರಿಂದಲೂ ಇದು ಬರುವುದಿಲ್ಲವೆಂದು ಹೆರಿಗೆ ವಾರ್ಡಿನಲ್ಲೇ ಅತ್ತೆಯ ಎದುರು ವೈದ್ಯರು ಒಮ್ಮೆ ಹೇಳಿದರೆ ಮುಂದಿನ ಚಿಕಿತ್ಸೆ ಎಷ್ಟೋ ಹಗುರ.

ಇಂದು ಎಲ್ಲೆಡೆ ಒಪ್ಪಿತವಾಗಿರುವುದು ಪೊನ್ಸೆಟಿ ಪದ್ಧತಿ. ಸ್ಪೇನಿನ ಮಿನೋರ್ಕಾ ದ್ವೀಪದಲ್ಲಿ 1914ರ ಜೂನ್ 3ರಂದು ಹುಟ್ಟಿದ ಇಗ್ನಾಸಿಯೊ ಪೊನ್ಸೆಟಿ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಫ್ರಾನ್ಸ್, ಮೆಕ್ಸಿಕೊ ದಾಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಆಪರೇಷನ್ ಆಗಿದ್ದ ಪಾದಗಳು ವರ್ಷ ಕಳೆದಂತೆ ಬಿಗಿದು ನೋಯುವುದನ್ನು ಕಂಡು 1940ರ ದಶಕದ ಕೊನೆಯಲ್ಲಿ ಬೇರೆ ದಾರಿ ಹಿಡಿದ. ಅವನ 1963ರ ಲೇಖನವನ್ನು ಗಮನಿಸಿದವರು ಕಡಿಮೆ. ಮೂರು ದಶಕದ ಮೇಲೆ, ಅವನ ಹಳೆಯ ರೋಗಿಗಳು ನಡುವಯಸ್ಸಿನಲ್ಲೂ ಚೆನ್ನಾಗಿ ನಡೆಯುತ್ತಿರುವುದು ವರದಿಯಾಗಿ, 1996ರಲ್ಲಿ ಅವನ ಪುಸ್ತಕ ಬಂದು, ಇಂಟರ್‌ನೆಟ್ಟಿನಲ್ಲಿ ತಂದೆತಾಯಿಯರು ಒಬ್ಬರಿಗೊಬ್ಬರು ಹೇಳಿಕೊಂಡು ತಮ್ಮ ವೈದ್ಯರನ್ನು ಕೇಳತೊಡಗಿದ ಮೇಲೆಯೇ ಅದು ಹಬ್ಬಿದ್ದು. 2009ರಲ್ಲಿ ಪೊನ್ಸೆಟಿ ತೀರಿಕೊಂಡ. ಅವನ ಹುಟ್ಟಿದ ದಿನ ಈಗ ವಿಶ್ವ ಕ್ಲಬ್‌ಫೂಟ್ ದಿನ.

ಹುಟ್ಟಿದ ಒಂದೆರಡು ವಾರದಲ್ಲೇ ತೊಡಗುವುದು ಲೇಸು. ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿದ್ದಿ ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಐದಾರು ಪ್ಲಾಸ್ಟರಿನಲ್ಲಿ ಪಾದ ಹೊರಕ್ಕೆ ತಿರುಗುತ್ತದೆ. ಹಿಮ್ಮಡಿ ಕೆಳಗಿಳಿಯಲು ಹೆಚ್ಚಿನ ಮಕ್ಕಳಲ್ಲಿ ಹಿಂಗಾಲಿನ ನರವೆಂದು ಜನ ಕರೆಯುವ ಸ್ನಾಯುರಜ್ಜುವನ್ನು ಸೂಜಿಯಷ್ಟು ಗಾಯದಿಂದ ಕತ್ತರಿಸಿ ಮೂರು ವಾರದ ಕೊನೆಯ ಪ್ಲಾಸ್ಟರ್ ಹಾಕುತ್ತಾರೆ. ಅಷ್ಟರಲ್ಲಿ ಅದು ಉದ್ದವಾಗಿ ಕೂಡಿಕೊಳ್ಳುತ್ತದೆ. ಈ ವಾರಗಳಲ್ಲಿ ಮಗುವಿಗೆ ಎರೆಯುವಂತಿಲ್ಲ. ಎಣ್ಣೆನೀರಿಲ್ಲದೆ ಮಗು ಸೊರಗುತ್ತದೆಂದು ಹಿರಿಯರು ನೊಂದುಕೊಳ್ಳುತ್ತಾರೆ. ಒದ್ದೆಬಟ್ಟೆಯಲ್ಲಿ ಮೈ ಒರೆಸಿದರೆ ಏನೂ ಆಗದು. ಪ್ಲಾಸ್ಟರ್ ಹಾಕಿದ ದಿನ ಗಂಟೆಗೊಮ್ಮೆ ಬೆರಳ ತುದಿ ಒತ್ತಿ ನೋಡಬೇಕು: ಬಿಳುಪಾಗಿ ಕೂಡಲೇ ಕೆಂಪಾದರೆ ಸರಿ. ನೀಲಿಗಟ್ಟಿದರೆ, ತಣ್ಣಗಿದ್ದರೆ ಆಸ್ಪತ್ರೆಗೆ ಹೋಗಬೇಕು. ನಿನ್ನೆ ಕಾಣುತ್ತಿದ್ದ ಬೆರಳು ಇಂದು ಒಳಗೆ ಮರೆಯಾದರೆ ಪ್ಲಾಸ್ಟರ್ ಜಾರಿದೆ ಎಂದರ್ಥ. ಜಾರಿದ ಪ್ಲಾಸ್ಟರ್ ಪಾದವನ್ನು ಇನ್ನಷ್ಟು ಕೆಡಿಸುತ್ತದೆ.

ನಿಜವಾದ ಪಾಲನೆ ಆಮೇಲಿನದು. ಕಂಬಿಗೆ ಜೋಡಿಸಿದ ಎರಡು ಬೂಟು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕು ವರ್ಷದವರೆಗೆ ನಿದ್ದೆಯ ಹೊತ್ತು. ಒಂದೇ ಪಾದ ಸೊಟ್ಟವಾಗಿದ್ದರೂ ಬೂಟು ಎರಡಕ್ಕೂ. ಮೊದಲ ಕೆಲವು ರಾತ್ರಿ ಮಗು ಅಳುತ್ತದೆ. ಎರಡೂ ಕಾಲನ್ನು ಒಟ್ಟಿಗೆ ಮಡಚಿ ಚಾಚಿ ಆಡಿಸಿದರೆ ಕಂಬಿಯೊಡನೆ ಒದೆಯುವುದನ್ನು ಬೇಗ ಕಲಿಯುತ್ತದೆ. ಹಿಮ್ಮಡಿ ಬೂಟಿನ ತಳಕ್ಕೆ ಕೂತಿದೆಯೇ ಎಂದು ಪ್ರತಿಸಲ ನೋಡಬೇಕು, ಸೀಮ್ ಇಲ್ಲದ ಹತ್ತಿಯ ಕಾಲುಚೀಲ ಹಾಕಬೇಕು, ಬೂಟಿನೊಳಗೆ ಎಣ್ಣೆ ಪೌಡರು ಸವರಬಾರದು. ಪಾದ ಚೆಂದವಾಗಿ ಕಾಣತೊಡಗಿದ ಕೂಡಲೇ, ಅದರಲ್ಲೂ ನೆಂಟರ ಮನೆಗೆ, ಜಾತ್ರೆಗೆ ಹೋದಾಗ ‘ನಾಲ್ಕು ದಿನ ತಾನೇ’ ಎಂದು ಕಂಬಿ ಬಿಟ್ಟುಹೋಗುತ್ತದೆ. ಮರುಕಳಿಕೆಗೆ ಅತಿ ದೊಡ್ಡ ಕಾರಣ ಇದೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕ್ಲಬ್‌ಫೂಟ್, ಸೊಂಟದ ಕೀಲಿನ ದೋಷ, ರಿಕೆಟ್ಸ್ ಮೂರೂ ಸೇರಿವೆ. ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬರುವ ಅದರ ತಂಡ ಮಗುವನ್ನು ಗುರುತಿಸಿದರೆ ಜಿಲ್ಲಾಮಟ್ಟದಲ್ಲಿ ಉಚಿತ ಚಿಕಿತ್ಸೆಗೆ ಕಳಿಸುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿದರೂ ಆಯಿತು. ನಡೆಯತೊಡಗಿದ ಮೇಲೆ ಬಂದ ಮಕ್ಕಳಿಗೂ ಇದೇ ಪ್ಲಾಸ್ಟರ್ ಪದ್ಧತಿ ಫಲ ಕೊಡುತ್ತದೆ, ಪ್ಲಾಸ್ಟರುಗಳ ಸಂಖ್ಯೆ ಹೆಚ್ಚು ಬೇಕಾಗಬಹುದು. ಮರುಕಳಿಸಿದರೆ ಮತ್ತೆ ಕೆಲವು ಪ್ಲಾಸ್ಟರ್. ಮೂರು ವರ್ಷ ದಾಟಿದ ಮಗು ನಡೆಯುವಾಗ ಪಾದ ಒಳಕ್ಕೆ ಹೊರಳುತ್ತಿದ್ದರೆ, ಹಾಗೆ ಎಳೆಯುವ ಸ್ನಾಯುರಜ್ಜುವನ್ನು ಪಾದದ ಹೊರಮಗ್ಗುಲಿಗೆ ಬದಲಾಯಿಸಿ ಹೊಲಿಯುತ್ತಾರೆ. ಆ ಗಾಯ ಮಾಗಿದ ಮೇಲೆ ಸಾಮಾನ್ಯವಾಗಿ ಕಂಬಿಯ ಬೂಟು ಬೇಕಾಗುವುದಿಲ್ಲ.